ಒಬ್ಬರ ಉಸಿರಿಗೆ ಇನ್ನೊಬ್ಬರ ದನಿ

ಕ್ವಾಯರ್ ಕೇಳಲು ಕೂತಾಗ ನಾನು ಮೊದಲು ಗಮನಿಸುವುದು ಹಾಡುವವರು ಎಲ್ಲೆಲ್ಲಿ ಉಸಿರೆಳೆಯುತ್ತಾರೆ ಎಂಬುದನ್ನು. ಶ್ರುತಿ ಜಾರಿದರೆ ಎಂಥವರಿಗೂ ಗೊತ್ತಾಗುತ್ತದೆ. ಉಸಿರಿನ ವ್ಯವಹಾರ ಅಷ್ಟು ಸುಲಭವಾಗಿ ಕಿವಿಗೆ ಸಿಗುವುದಿಲ್ಲ. ಉದ್ದನೆಯ ಸಾಲು ಬಂದಾಗ ಒಬ್ಬಳೇ ಹಾಡುವವಳು ಎಲ್ಲಾದರೂ ನಿಲ್ಲಲೇಬೇಕು. ನಲವತ್ತು ಜನರ ಕ್ವಾಯರಿಗೆ ಆ ಕಟ್ಟಿಲ್ಲ. ಪಕ್ಕದವಳು ದನಿ ಹಿಡಿದಿರುವಾಗ ಇವಳು ಪದದ ನಡುವೆಯೇ ಸದ್ದಿಲ್ಲದೆ ಬಿಟ್ಟು, ಉಸಿರು ತುಂಬಿಕೊಂಡು, ಸಣ್ಣಗೆ ಮತ್ತೆ ಸೇರಿಕೊಳ್ಳುತ್ತಾಳೆ. ಆಮೇಲೆ ಅವಳ ಸರದಿ. ಕೇಳುವವರಿಗೆ ಸಾಲು ಎಲ್ಲೂ ಕಡಿಯುವುದಿಲ್ಲ. ಒಟ್ಟಾಗಿ ಹಾಡಿದರೆ ಜನ ಒಂದಾಗುತ್ತಾರೆ ಎಂದು ಭಾಷಣಗಳಲ್ಲಿ ಧಾರಾಳವಾಗಿ ಹೇಳುತ್ತಾರಲ್ಲ, ಅದರ ಗುಟ್ಟು ಇರುವುದು ಇಲ್ಲಿ ಎಂದು ನನ್ನ ಅಂದಾಜು.

2013ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗ್ ವಿಶ್ವವಿದ್ಯಾಲಯದ ಬ್ಯೋರ್ನ್ ವಿಕ್‌ಹಾಫ್ ಮತ್ತು ಸಂಗಡಿಗರು ಹದಿನೆಂಟರ ಹರೆಯದವರನ್ನು ಹಾಡಿಸಿ ಅವರ ಹೃದಯ ಬಡಿತವನ್ನು ಅಳೆದರು. ಒಂದೇ ಹಾಡಿಗೆ ದನಿಗೂಡಿಸಿದಾಗ ಬಡಿತದ ಏರಿಳಿತಗಳೂ ಒಂದಕ್ಕೊಂದು ಹೊಂದಿಕೊಂಡವು. ಕಾರಣ ಸರಳ. ಸಾಲಿನ ಉದ್ದ ಉಸಿರನ್ನು ಆಳುತ್ತದೆ, ಉಸಿರಿನ ಬೆನ್ನಿಗೆ ಬಡಿತ ಹೋಗುತ್ತದೆ. ಹಾಗಿದ್ದರೆ ಸಾಲು ಎಲ್ಲಿ ಮುಗಿಯಬೇಕೆಂದು ಕಾಗದದ ಮೇಲೆ ಗೆರೆ ಎಳೆಯುವ ಸಂಯೋಜಕನ ಕೈಯಲ್ಲಿ ಎಷ್ಟು ಎದೆಗಳಿವೆ ನೋಡಿ.

ಈ ಮಾತಿಗೆ ಎಸ್ಟೋನಿಯಾಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಒಟ್ಟು ಜನಸಂಖ್ಯೆ ಹದಿಮೂರು ಲಕ್ಷದ ಆಸುಪಾಸು. ಅಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಹಾಡುಹಬ್ಬದಲ್ಲಿ ವೇದಿಕೆ ಹತ್ತುವವರೇ ಹತ್ತಾರು ಸಾವಿರ. ಸುಮ್ಮನೆ ಬಂದು ನಿಲ್ಲುವಂತಿಲ್ಲ. ಹಳ್ಳಿ ಪಟ್ಟಣಗಳ ಕ್ವಾಯರ್‌ಗಳು ತಿಂಗಳುಗಟ್ಟಲೆ ಕಲಿತು, ಪರೀಕ್ಷಕರ ಮುಂದೆ ಹಾಡಿ ಒಪ್ಪಿಸಬೇಕು.

ಮೊದಲ ಹಬ್ಬ 1869ರಲ್ಲಿ, ತಾರ್ತು ಪಟ್ಟಣದಲ್ಲಿ. ಆ ಸೀಮೆಯಲ್ಲಿ ಜೀತದಾಳು ಪದ್ಧತಿ ರದ್ದಾಗಿ ಐವತ್ತು ವರ್ಷವಾದ ನೆನಪಿಗೆ ಅದನ್ನು ಏರ್ಪಡಿಸಿದವನು ಪತ್ರಿಕೆ ನಡೆಸುತ್ತಿದ್ದ ಯೋಹಾನ್ ವೋಲ್ದೆಮಾರ್ ಯಾನ್ಸೆನ್. ಹಾಡಿದವರು ಗಂಡಸರು ಮಾತ್ರ, ಹಾಡಿದ್ದು ಬಹುಪಾಲು ಜರ್ಮನ್ ಮೂಲದ ರಚನೆಗಳು. ಎಸ್ಟೋನಿಯನ್ನನೇ ರಾಗ ಹಾಕಿದವು ಎರಡೇ ಎರಡು. ಯಾನ್ಸೆನ್‌ನ ಮಗಳು ಲಿದಿಯಾ ಕೊಯ್ದುಲಾಳ ಕವಿತೆಗಳಿಗೆ ಅಲೆಕ್ಸಾಂದರ್ ಕುನಿಲೈದ್ ಕೂಡಿಸಿದ ಧಾಟಿಗಳು. ಅಂದು ಸೇರಿದ ಜನ ಮನೆಗೊಯ್ದದ್ದು ಆ ಎರಡನ್ನೇ ಎಂದು ನಾನು ಊಹಿಸುತ್ತೇನೆ.

ನಾಲ್ಕು ದನಿಗಳ ಹಾರ್ಮನಿ ಎಸ್ಟೋನಿಯಾದ ರೈತರಿಗೆ ಬಂದದ್ದು ಜರ್ಮನ್ ಪಾದ್ರಿಗಳಿಂದ, ಮೊರೇವಿಯನ್ ಪ್ರಾರ್ಥನಾ ಮಂದಿರಗಳಿಂದ. ಹೀಗೆ ಹೇಳುವಾಗ ಮಂಗಳೂರು ನೆನಪಾಗದೆ ಇರದು. 1834ರಲ್ಲಿ ಬಾಸೆಲ್ ಮಿಷನ್ ಇಲ್ಲಿಗೆ ತಂದದ್ದೂ ಅದೇ ಹೊಳೆಯ ನೀರು. ಜರ್ಮನ್ ಧಾಟಿಗಳಿಗೆ ಕನ್ನಡದ ಪದಗಳು ಕೂತವು. ಅಲ್ಲಿ ಆ ನೀರು ಚರ್ಚಿನ ಗೋಡೆ ದಾಟಿ ಹೊಲಕ್ಕೆ ಹರಿಯಿತು. ನಮ್ಮಲ್ಲಿ ಹೆಚ್ಚುಕಡಿಮೆ ಒಳಗೇ ಉಳಿಯಿತು.

ಸೋವಿಯತ್ ಕಾಲದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಎಲ್ಲರೂ ಹೇಳುತ್ತಾರೆ. ಕೊಯ್ದುಲಾಳ ಅವೇ ಕವಿತೆಗಳಲ್ಲಿ ಒಂದಕ್ಕೆ ಗುಸ್ತಾವ್ ಎರ್ನೆಸಾಕ್ಸ್ ಹೊಸ ರಾಗ ಹಾಕಿದ. 1947ರ ಹಬ್ಬದಲ್ಲಿ ಅದು ಮೊದಲ ಬಾರಿ ಕೇಳಿತು. 1950ರ ಹೊತ್ತಿಗೆ ಹಬ್ಬದ ಹಿರಿಯ ನಿರ್ದೇಶಕರಲ್ಲಿ ಮೂವರು ಜೈಲು ಸೇರಿದ್ದರು, ಹಾಡು ಪಟ್ಟಿಯಿಂದ ಮಾಯವಾಗಿತ್ತು. 1960ರಲ್ಲಿ, ರಾಜಧಾನಿ ತಾಲಿನ್‌ನ ಹಬ್ಬದ ಮೈದಾನದಲ್ಲಿ ಹೊಸ ಕಮಾನು ವೇದಿಕೆ ಎದ್ದ ವರ್ಷವೇ, ಜನ ಅದನ್ನು ತಾವಾಗಿ ಎತ್ತಿಕೊಂಡು ಹಾಡಿದರು. 1988ರ ಸೆಪ್ಟೆಂಬರಿನಲ್ಲಿ ಅದೇ ಮೈದಾನದಲ್ಲಿ ಸುಮಾರು ಮೂರು ಲಕ್ಷ ಮಂದಿ. 1991ರಲ್ಲಿ ಸ್ವಾತಂತ್ರ್ಯ.

ಬರೀ ಸಂಗೀತವೆಂದು ನೋಡಿದರೆ ಎರ್ನೆಸಾಕ್ಸ್‌ನ ಆ ರಚನೆ ನನ್ನ ಮೆಚ್ಚಿನವುಗಳಲ್ಲಿ ಮೇಲಿಲ್ಲ. ಆದರೆ ಆ ಕಸುಬುದಾರಿಕೆಗೆ ತಲೆಬಾಗಬೇಕು. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 70 ಮೀಟರ್ ಅಂತರದಲ್ಲಿ ನಿಂತ ಇಬ್ಬರು ಒಬ್ಬರನ್ನೊಬ್ಬರು ಕೇಳಿಸಿಕೊಂಡು ಹಾಡಹೊರಟರೆ ಸೆಕೆಂಡಿನ ಐದನೆಯ ಒಂದು ಭಾಗ ಹಿಂದೆ ಬೀಳುತ್ತಾರೆ. ಚುರುಕು ಲಯದಲ್ಲಿ ಅಷ್ಟು ಸಾಕು, ಎಲ್ಲ ಕಲಸುಮೇಲೋಗರ. ಆದ್ದರಿಂದ ಕಣ್ಣು ನಿರ್ದೇಶಕನ ಕೈಮೇಲಿರಬೇಕು, ರಚನೆ ನಿಧಾನವಾಗಿರಬೇಕು, ಹಾರ್ಮನಿ ಬದಲಾಗುವ ಮುನ್ನ ದನಿಗೆ ನೆಲೆಯೂರಲು ಬಿಡುವಿರಬೇಕು, ಸಾಲುಗಳು ತರಬೇತಿಯಿಲ್ಲದ ಎದೆಗೂ ನಿಲುಕಬೇಕು. ಇದನ್ನೆಲ್ಲ ಪಾಲಿಸಿಯೂ ಹಾಡು ಸಪ್ಪೆಯಾಗದಂತೆ ನೋಡಿಕೊಳ್ಳುವುದು ಸಣ್ಣ ಮಾತಲ್ಲ.

ನನ್ನ ಮನುಷ್ಯ ಬೇರೆ: ವೆಲ್ಯೊ ತೊರ್ಮಿಸ್. 1930ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಈತ ಬರೆದದ್ದರಲ್ಲಿ ಬಹುಪಾಲು ಕ್ವಾಯರಿಗಾಗಿಯೇ. ಜರ್ಮನ್ ಹಾರ್ಮನಿ ಬರುವುದಕ್ಕಿಂತ ಬಹಳ ಮೊದಲೇ ಅಲ್ಲಿ ರೆಗಿಲೌಲ್ ಎಂಬ ಜನಪದ ಹಾಡುಗಾರಿಕೆ ಇತ್ತು. ನಮ್ಮ ಸೋಬಾನೆಯ ಹಾಗೆ ಒಬ್ಬಾಕೆ ಹೇಳಿಕೊಡುತ್ತಾಳೆ, ಉಳಿದವರು ಎತ್ತಿಕೊಳ್ಳುತ್ತಾರೆ. ಅದರ ಸೊಗಸು ಹೊಲಿಗೆಯಲ್ಲಿದೆ. ಆಕೆಯ ಸಾಲು ಮುಗಿಯುವ ಮೊದಲೇ ಕೊನೆಯ ಅಕ್ಷರಗಳಲ್ಲಿ ಗುಂಪು ಸೇರಿಕೊಳ್ಳುತ್ತದೆ, ಗುಂಪಿನ ಕೊನೆಯ ಅಕ್ಷರಗಳಲ್ಲಿ ಆಕೆ ಸೇರಿಕೊಳ್ಳುತ್ತಾಳೆ. ಮೌನಕ್ಕೆ ಸಂದೇ ಇಲ್ಲ. ಪುಸ್ತಕ ಕಾಣದ ಹೆಂಗಸರು ಉಸಿರಿನ ಲೆಕ್ಕವನ್ನು ಶತಮಾನಗಳ ಹಿಂದೆಯೇ ಬಗೆಹರಿಸಿಕೊಂಡಿದ್ದರು.

ಈ ಹಾಡುಗಳ ಧಾಟಿ ನಾಲ್ಕೈದು ಸ್ವರಗಳೊಳಗೇ ಸುತ್ತುವಂಥದ್ದು. ತೊರ್ಮಿಸ್ ಅದನ್ನು ‘ಸುಧಾರಿಸಲು’ ಹೋಗಲಿಲ್ಲ. ಧಾಟಿಯನ್ನು ಇದ್ದ ಹಾಗೇ ಇಟ್ಟು ಸುತ್ತಲಿನದನ್ನು ಬದಲಿಸಿದ: ಕೆಳಗೆ ಬಾಸ್‌ನವರ ಎಡೆಬಿಡದ ಆಧಾರಸ್ವರ, ಮೇಲೆ ಒತ್ತೊತ್ತಾಗಿ ಉಜ್ಜುವ ಸ್ವರಗಳ ಮೋಡ. 1972ರ ‘ಕಬ್ಬಿಣಕ್ಕೆ ಶಾಪ’ದಲ್ಲಿ ಕಲೆವಾಲ ಮಹಾಕಾವ್ಯದ ವಸ್ತು ಹಿಡಿದು ಆಧುನಿಕ ಯುದ್ಧದವರೆಗೆ ಬರುತ್ತಾನೆ, ಜೊತೆಗೆ ಇರುವುದು ಒಂದೇ ಒಂದು ಶಾಮನ್ ಡೋಲು. ಅಲ್ಲಿ ಕ್ವಾಯರ್ ಪಿಸುಗುಡುತ್ತದೆ, ಕೂಗುತ್ತದೆ, ಸೈರನ್ನಿನಂತೆ ಸ್ವರ ಜಾರಿಸುತ್ತದೆ. ‘ಮರೆತುಹೋದ ಜನಾಂಗಗಳು’ ಮಾಲೆಯ ಆರು ಕೃತಿಗಳಿಗೆ ಹತ್ತೊಂಬತ್ತು ವರ್ಷ ಹಿಡಿದವು, 1970ರಿಂದ 1989. ಲಿವೋನಿಯನ್, ವಾತಿಯನ್, ಇಜೋರಿಯನ್, ವೆಪ್ಸ್‌ನಂಥ, ಮಾತಾಡುವವರು ಮುಗಿಯುತ್ತ ಬಂದಿದ್ದ ನುಡಿಗಳ ಹಾಡುಗಳು ಅವು. ಲಿವೋನಿಯನ್ನನ್ನು ತಾಯ್ನುಡಿಯಾಗಿ ಕಲಿತ ಕೊನೆಯ ವ್ಯಕ್ತಿ 2013ರಲ್ಲಿ ತೀರಿಕೊಂಡರು. ಆ ನುಡಿಯ ಪದಗಳನ್ನು ಬೇರೆ ಬೇರೆ ದೇಶಗಳ ಕ್ವಾಯರ್‌ಗಳು ಈಗಲೂ ಬಾಯಿಪಾಠ ಮಾಡುತ್ತವೆ.

ನಮ್ಮಲ್ಲಿ ಸಮೂಹಗಾನ ಸ್ಪರ್ಧೆಗಳಿಗೇನೂ ಬರವಿಲ್ಲ. ಹಾಡುವುದು ಮಾತ್ರ ಒಂಟಿ ಕಂಠಕ್ಕೆಂದು ಹಾಕಿದ ಭಾವಗೀತೆಯ ಧಾಟಿ. ಹತ್ತು ಜನ ಸೇರಿ ಒಬ್ಬರ ಪಾಲನ್ನು ಹಾಡುತ್ತಾರೆ. ಗುಂಪಿಗೆಂದೇ ಬರೆದದ್ದು ಅಪರೂಪ. ರಾಗಕ್ಕೂ ಹಾರ್ಮನಿಗೂ ಆಗಿಬರುವುದಿಲ್ಲ ಎಂಬ ಹಳೆಯ ವಾದ ಎದ್ದಾಗಲೆಲ್ಲ ನನಗೆ ತೊರ್ಮಿಸ್‌ನ ಕಾಗದಗಳನ್ನು ಹರಡಿ ತೋರಿಸಬೇಕೆನಿಸುತ್ತದೆ. ಸೋಬಾನೆಯ ಒಂದು ಧಾಟಿಗೆ ಆ ಉಪಾಯ ಒಗ್ಗದಿರಲು ಕಾರಣವೇ ಇಲ್ಲ.

ಹೊಸದಾಗಿ ಕೇಳುವವರು ಆ ಮಾಲೆಯ ವಾತಿಯನ್ ಮದುವೆ ಹಾಡುಗಳಿಂದ ಶುರುಮಾಡಿ. ‘ಕಬ್ಬಿಣಕ್ಕೆ ಶಾಪ’ ಆಮೇಲೆ ಇರಲಿ, ಅದೂ ಫೋನಿನ ಸ್ಪೀಕರಿನಲ್ಲಿ ಬೇಡ. ಡೋಲಿನ ಕೆಳದನಿಯನ್ನೆಲ್ಲ ಅದು ನುಂಗಿಬಿಡುತ್ತದೆ.