ಕುಲ್ ದೊರೆಯ ತಡವಾದ ಪುಸ್ತಕ

ಜನಪ್ರಿಯ ಸಾಹಿತ್ಯವನ್ನು ಅಗ್ಗದ ಸರಕೆಂದು ಬದಿಗೆ ತಳ್ಳುವ ವಿಮರ್ಶೆ, ಅದು ಅಚ್ಚಾದ ಬಗೆಯನ್ನೂ ಕಡೆಗಣಿಸುತ್ತದೆ. ಅಮೆರಿಕದ ಟೆಕ್ಸಾಸ್‌ನ ಲೇಖಕ ರಾಬರ್ಟ್ ಇ. ಹೋವರ್ಡ್ (1906-1936) ಸೃಷ್ಟಿಸಿದ 'ಕುಲ್' ದೊರೆಯ ಕತೆಗಳನ್ನು ನಾವು ಗಮನಿಸಬೇಕಾದದ್ದು ಇದೇ ಕಾರಣಕ್ಕೆ.

ಅಟ್ಲಾಂಟಿಸ್‌ನಿಂದ ಬಂದ ಈ ಪರದೇಶಿ ಯೋಧ ವಲೂಸಿಯಾದ ಸಿಂಹಾಸನವೇರುತ್ತಾನೆ. 1929ರಲ್ಲಿ 'ವಿಯರ್ಡ್ ಟೇಲ್ಸ್' ಪತ್ರಿಕೆ ಅವನ ಎರಡು ಕತೆಗಳನ್ನು ಪ್ರಕಟಿಸಿತು. 1930ರ ಇನ್ನೊಂದು ಕತೆಯಲ್ಲಿ ಅವನು ಬಂದುಹೋಗುತ್ತಾನೆ. ಲೇಖಕ ಬದುಕಿದ್ದಾಗ ಅಚ್ಚಾದದ್ದು ಇಷ್ಟೇ.

ಉಳಿದ ಕತೆಯೊಂದರಲ್ಲಿ ಕುಲೀನ ಯುವಕನೊಬ್ಬ ಗುಲಾಮ ಹೆಣ್ಣನ್ನು ಪ್ರೀತಿಸುತ್ತಾನೆ. ಮದುವೆಗೆ ಕಾನೂನು ಅಡ್ಡ ಬರುತ್ತದೆ. ಕೊನೆಗೆ ದೊರೆ ಆ ಶಾಸನದ ಶಿಲೆಯನ್ನೇ ಒಡೆದುಹಾಕುತ್ತಾನೆ. ಈ ಕತೆ ಮಾರಾಟವಾಗಲಿಲ್ಲ. ಹೋವರ್ಡ್ ಅದನ್ನೇ ತಿದ್ದಿ, ಪ್ರೇಮದ ಎಳೆ ಕಿತ್ತು, ಮಾಂತ್ರಿಕನನ್ನು ಸೇರಿಸಿ, ನಾಯಕನಿಗೆ 'ಕೋನನ್' ಎಂದು ಹೆಸರಿಟ್ಟರು. 1932ರ ಡಿಸೆಂಬರ್‌ನಲ್ಲಿ ಅದು ಅಚ್ಚಾಯಿತು, ಕೋನನ್ ಜಗತ್ಪ್ರಸಿದ್ಧನಾದ.

ಮೂಲ ಕತೆ ಪುಸ್ತಕವಾಗಿ ಬಂದದ್ದು 1967ರಲ್ಲಿ, 'ಕಿಂಗ್ ಕುಲ್' ಸಂಕಲನದಲ್ಲಿ. ಅದರಲ್ಲಿನ ಅಪೂರ್ಣ ಕತೆಗಳನ್ನು ಲಿನ್ ಕಾರ್ಟರ್ ಪೂರ್ತಿಗೊಳಿಸಿದ್ದರು. 2006ರ ಸಂಕಲನ ತುಣುಕುಗಳನ್ನು ತುಣುಕುಗಳಾಗಿಯೇ ಉಳಿಸಿತು. ಇದೇ ಪ್ರಾಮಾಣಿಕ ಸಂಪಾದನೆ.

ಅನ್ಯಾಯದ ಕಾನೂನು ಮುರಿದ ದೊರೆ ತನ್ನ ಕೊಡಲಿಯನ್ನೇ ಕಾನೂನಾಗಿಸುವುದು ಈ ಕತೆಯ ಮಿತಿಯೆಂಬುದನ್ನು ನಾವು ಮರೆಯಬಾರದು. ಆದರೂ ಮಾಂತ್ರಿಕನಿಗೆ ಸಿಕ್ಕ ಪುಟ ಆ ಗುಲಾಮ ಹೆಣ್ಣಿಗೆ ಸಿಗಲು ದಶಕಗಳೇ ಬೇಕಾದವು. ಒಂದು ಕಾಲದ ಮನಸ್ಸನ್ನು ತಿಳಿಯಲು ಅದರ ಜನಪ್ರಿಯ ಕತೆಗಳಷ್ಟೇ ಸಾಲದು. ಅದು ಕೊಳ್ಳದೆ ಬಿಟ್ಟ ಕತೆಗಳನ್ನೂ ನಾವು ಓದಬೇಕು.