ಹಂಪಿಯ ಅತಿಥಿಗೆ ಐವತ್ತು ಎಂಬಿ

ಮೊಬೈಲ್ ಡೇಟಾ ಅತಿ ಅಗ್ಗವಾಗಿ ಸಿಗುವ ದೇಶಗಳಲ್ಲಿ ನಮ್ಮದೂ ಒಂದು ಎಂದು ಹೇಳಿಕೊಳ್ಳದ ವೇದಿಕೆಯೇ ಈಗ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಉಳಿದ ಕಂಪನಿಗಳು ದರ ಇಳಿಸಿದವು, ಹೊಸಪೇಟೆಯ ಆಟೊ ಸ್ಟ್ಯಾಂಡಿನಲ್ಲೂ ಕಂಪ್ಲಿಯ ಗದ್ದೆಯ ಬದುವಿನಲ್ಲೂ ವಿಡಿಯೊ ಓಡತೊಡಗಿತು. ಗೊತ್ತಿರುವ ಕಥೆ, ಮತ್ತೆ ಹೇಳಬೇಕಿಲ್ಲ. ಈ ಕೀರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಅದು ಅರ್ಧ ಮಾತ್ರ ನಿಜ. ಕೈಯಲ್ಲಿ ಆಧಾರ್ ಇದ್ದವರಿಗೆ ಈ ಅಗ್ಗ ಸಲ್ಲುತ್ತದೆ. ಹಂಪಿ ನೋಡಲು ದೂರದೇಶದಿಂದ ಬಂದವರು ಅದೇ ಅಂಗಡಿಯ ಮುಂದೆ ನಿಂತು ಅದೇ ದರಪಟ್ಟಿ ಓದಿಕೊಂಡು ಬರಿಗೈಯಲ್ಲಿ ಹೊರಡುತ್ತಾರೆ.

ಸರ್ಕಾರಕ್ಕೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. 2017ರ ಫೆಬ್ರುವರಿ 15ರಂದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಒಂದು ಯೋಜನೆ ಆರಂಭಿಸಿತು. ಇ-ವೀಸಾದ ಮೇಲೆ ಬರುವ ಪ್ರವಾಸಿಗರಿಗೆ ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣದಲ್ಲಿ ಬಿಎಸ್‌ಎನ್‌ಎಲ್ ಸಿಮ್ ಉಚಿತ. ಅದರಲ್ಲಿ 50 ರೂಪಾಯಿ ಟಾಕ್‌ಟೈಮ್, 50 ಎಂಬಿ ಡೇಟಾ. ಅತಿಥಿ ದೇವೋ ಭವ ಎಂಬ ಮಾತಿನ ಜೊತೆಗೇ ಸುದ್ದಿ ಹರಡಿತು. ಬಂದವರ ಕೈಗೊಂದು ನಂಬರ್ ಬೇಕು ಎಂದು ಯಾರೋ ಒಬ್ಬರು ಕಚೇರಿಯಲ್ಲಿ ಕೂತು ಯೋಚಿಸಿದರಲ್ಲ, ಅದನ್ನು ಮೆಚ್ಚಬೇಕು. ಆದರೆ ಮೆಚ್ಚುಗೆ ಅಲ್ಲಿಗೇ ನಿಲ್ಲಬೇಕಿತ್ತು.

ಆ 50 ಎಂಬಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಆಗ ಇ-ಪ್ರವಾಸಿ ವೀಸಾದ ಅವಧಿ 30 ದಿನ. ಭಾಗಿಸಿದರೆ ದಿನಕ್ಕೆ ಎರಡು ಎಂಬಿಯೂ ಬರುವುದಿಲ್ಲ. ಕಮಲಾಪುರದಿಂದ ವಿಠ್ಠಲ ದೇಗುಲದ ದಾರಿಯನ್ನು ಒಮ್ಮೆ ಮ್ಯಾಪಿನಲ್ಲಿ ತೆರೆದು ನಾಲ್ಕು ಫೋಟೊ ಮನೆಗೆ ಕಳಿಸಿದರೆ ದಿನದ ಪಾಲು ಮುಗಿಯಿತು. ಇನ್ನು ಅದೇ ತಿಂಗಳು ಊರಿನಲ್ಲಿ ಏನಿತ್ತು? ಜಿಯೋದ ಹೊಸ ವರ್ಷದ ಕೊಡುಗೆ ಮಾರ್ಚ್ 31ರವರೆಗೆ ಜಾರಿಯಲ್ಲಿತ್ತು. ಹೊಸಪೇಟೆ ಸ್ಟೇಷನ್ನಿನ ಮುಂದೆ ಪ್ರವಾಸಿಗರಿಗಾಗಿ ಕಾಯುವ ಆಟೊ ಚಾಲಕನಿಗೆ ದಿನಕ್ಕೆ ಒಂದು ಜಿಬಿ, ಅದೂ ಪುಕ್ಕಟೆ. ಹಿಂದೆ ಕೂತ ಅತಿಥಿಗೆ ಇಡೀ ಪ್ರವಾಸಕ್ಕೆ ಸಿಕ್ಕದ್ದು ಚಾಲಕನ ಒಂದು ದಿನದ ಪಾಲಿನ ಇಪ್ಪತ್ತನೆಯ ಒಂದು ಭಾಗ. ದೇಶದಲ್ಲಿ ಡೇಟಾ ಉಕ್ಕಿ ಹರಿಯುತ್ತಿದ್ದ ತಿಂಗಳಲ್ಲೇ ಅತಿಥಿಗೆ ಹೀಗೆ ಅಳೆದು ಕೊಟ್ಟದ್ದಕ್ಕೆ ಬಡತನ ಕಾರಣವಾಗಿರಲು ಸಾಧ್ಯವಿಲ್ಲ. ಬಂದವರು ಇಲ್ಲಿ ಹೇಗೆ ದಿನ ಕಳೆಯುತ್ತಾರೆ ಎಂದು ಯೋಜನೆ ಬರೆದವರು ಕಲ್ಪಿಸಿಕೊಂಡೇ ಇರಲಿಲ್ಲ.

ಕೊಡುವ ಜಾಗವಾದರೂ ಸರಿಯಿತ್ತೇ? ಹಂಪಿಗೆ ಬರುವ ವಿದೇಶಿಯರಲ್ಲಿ ಬಹಳ ಮಂದಿ ಗೋವಾದಿಂದ ರಾತ್ರಿ ಬಸ್ಸಿನಲ್ಲೋ ವಾಸ್ಕೋದಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲೋ ಬಂದಿಳಿಯುತ್ತಾರೆ, ಇನ್ನು ಕೆಲವರು ಬೆಂಗಳೂರಿನಿಂದ. ಯೋಜನೆ ಶುರುವಾದದ್ದು ದೆಹಲಿಯಲ್ಲಿ.

ಈ ಉಚಿತ ಸಿಮ್‌ಗಿಂತ ಹೆಚ್ಚು ಓದಬೇಕಾದ ಪಠ್ಯ ಸಿಮ್ ಅರ್ಜಿಯಲ್ಲಿದೆ. ಪಾಸ್‌ಪೋರ್ಟ್, ವೀಸಾ, ಫೋಟೊ ಕೇಳುವುದು ನ್ಯಾಯ. ಅವುಗಳ ಕೆಳಗೆ ಸ್ಥಳೀಯ ಪರಿಚಯದವರ ಹೆಸರು, ವಿಳಾಸ, ನಂಬರ್ ಕೇಳುವ ಒಂದು ಸಾಲಿತ್ತು. 2024ರ ಜನವರಿ 1ರಿಂದ ಕಾಗದದ ಅರ್ಜಿ ಹೋಯಿತು, ಎಲ್ಲವೂ ಡಿಜಿಟಲ್ ಆಯಿತು. ಸಾಲು ಮಾತ್ರ ಹೋಗಲಿಲ್ಲ, ಒಟಿಪಿಯ ರೂಪ ತಾಳಿತು: ಭಾರತದ ನಂಬರ್ ಪಡೆಯಲು ಭಾರತದ ಇನ್ನೊಂದು ನಂಬರಿಗೆ ಒಟಿಪಿ. ಬೆಳಗಿನ ಜಾವ ಬಸ್ಸಿಳಿದು ಯಾರನ್ನೂ ಅರಿಯದ ಹೆಣ್ಣುಮಗಳೊಬ್ಬಳಿಗೆ ಇಲ್ಲಿ ಪರಿಚಯದವರು ಯಾರು?

ಆಗ ನೆರವಿಗೆ ಬರುತ್ತಿದ್ದವರು ಹಂಪಿಯ ಜನತಾ ಪ್ಲಾಟಿನ ಗೆಸ್ಟ್‌ಹೌಸ್ ನಡೆಸುವವರು, ಆನೆಗೊಂದಿ ಕಡೆಯ ಹೋಂಸ್ಟೇಯವರು, ಗೈಡುಗಳು, ಆಟೊದವರು. ಮೊದಲ ಸಲ ನೋಡಿದ ಮುಖಕ್ಕೆ ತಮ್ಮ ನಂಬರ್ ಒತ್ತೆಯಿಟ್ಟು, ಆ ಸಿಮ್ಮಿನಿಂದ ನಾಳೆ ಏನಾದರೂ ಆದರೆ ಪೊಲೀಸರ ಕರೆಗೆ ತಾವೇ ಉತ್ತರಿಸುವ ಭಾರ ಹೊತ್ತುಕೊಳ್ಳುತ್ತಿದ್ದರು. ಹಂಪಿಯ ಪ್ರವಾಸೋದ್ಯಮದ ಬಗ್ಗೆ ಬರೆದವರು ಈ ಜನರನ್ನು ಅತಿಕ್ರಮಣಕಾರರೆಂದೋ ಗಿರಾಕಿ ಹಿಡಿಯುವವರೆಂದೋ ಕಂಡದ್ದೇ ಹೆಚ್ಚು. ಸಚಿವಾಲಯ ಮಾಡಲಾಗದ ಆತಿಥ್ಯವನ್ನು ಇವರು ಮಾಡಿದ್ದಾರೆ ಎಂಬುದನ್ನು ಯಾರಾದರೂ ಬರೆದಿಡಬೇಕು.

ಭದ್ರತೆಯ ಮಾತು ಬರುತ್ತದೆ, ಬರಲಿ. ವಿದೇಶಿಯರು ತಂಗಿದ 24 ಗಂಟೆಯೊಳಗೆ ಹೋಟೆಲಿನವರು, ಹೋಂಸ್ಟೇಯವರು ನಿಗದಿತ ಫಾರಂ ತುಂಬಿ ಸರ್ಕಾರಕ್ಕೆ ತಿಳಿಸಲೇಬೇಕು. ವಿಮಾನ ನಿಲ್ದಾಣದಲ್ಲಿ ಬೆರಳಚ್ಚು, ಮುಖದ ಚಿತ್ರ ಮೊದಲೇ ತೆಗೆದುಕೊಂಡಾಗಿದೆ. ಇಷ್ಟು ತಿಳಿದಿರುವ ಸರ್ಕಾರಕ್ಕೆ ಆಟೊದವರ ನಂಬರಿನಿಂದ ಹೊಸದಾಗಿ ಏನು ತಿಳಿಯುತ್ತದೆ? ಕಂಪ್ಲಿಯಿಂದ, ಹೊಸಪೇಟೆಯಿಂದ ಉಮ್ರಾ ಯಾತ್ರೆಗೆ ಹೋಗುವ ನಮ್ಮ ಹಿರಿಯರ ಅನುಭವ ಇದಕ್ಕೆ ವಿರುದ್ಧವಾಗಿದೆ. ಭದ್ರತೆಯಲ್ಲಿ ಸೌದಿ ಅರೇಬಿಯಾ ನಮಗಿಂತ ಸಡಿಲವೇನಲ್ಲ. 2016ರಿಂದ ಅಲ್ಲಿ ಸಿಮ್ಮಿಗೆ ಬೆರಳಚ್ಚು ಕಡ್ಡಾಯ. ಪಾಸ್‌ಪೋರ್ಟ್ ತೋರಿಸಿ ಬೆರಳು ಒತ್ತಿದರೆ ಸಿಮ್ ಕೈಗೆ ಬರುತ್ತದೆ, ಜೆಡ್ಡಾದಲ್ಲೊಬ್ಬ ಪರಿಚಯಸ್ಥನನ್ನು ಹುಡುಕಬೇಕಾಗಿಲ್ಲ.

ಹಂಪಿಯ ಬಗ್ಗೆ ಭಾವುಕವಾಗಿ ಬರೆಯುವ ಪ್ರವಾಸ ಲೇಖಕರ ಜೊತೆ ನನ್ನ ಜಗಳ ಇನ್ನೂ ದೊಡ್ಡದು. ಕಲ್ಲುಗಳ ನಡುವೆ ಮೊಬೈಲ್ ಏಕೆ, ಸಿಗ್ನಲ್ ಸಿಗದಿರುವುದೇ ಹಂಪಿಯ ಭಾಗ್ಯ ಎನ್ನುತ್ತಾರೆ ಇವರು. ನಮ್ಮ ತುಂಗಭದ್ರಾ ಹೊಳೆಯ ಸ್ವಭಾವ ಗೊತ್ತಿದ್ದವರು ಹೀಗೆ ಬರೆಯಲಾರರು. 2019ರ ಆಗಸ್ಟಿನಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ವಿರೂಪಾಪುರ ಗಡ್ಡೆಯಲ್ಲಿ ವಿದೇಶಿಯರೂ ಸೇರಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ಎನ್‌ಡಿಆರ್‌ಎಫ್ ದೋಣಿ, ಹೆಲಿಕಾಪ್ಟರ್ ಬರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಹೊರಹರಿವು ಏರಿದಾಗಲೆಲ್ಲ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ದಾರಿ ಕಟ್ಟಾಗುತ್ತದೆ. ಯಾವ ದಂಡೆಯಲ್ಲಿ ಉಳಿಯಬೇಕು, ಯಾವಾಗ ದಾಟಬೇಕು ಎಂಬ ಸುದ್ದಿ ಊರವರ ಮೊಬೈಲಿಗೆ ಬರುತ್ತದೆ. ಅತಿಥಿಗೂ ಅದು ತಲುಪಬೇಡವೇ? ಸಂಡೂರಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಕಸೂತಿ ನೋಡಲು ಹೊರಟವರು ಕುಮಾರಸ್ವಾಮಿ ಬೆಟ್ಟದ ತಿರುವುಗಳಲ್ಲಿ ದಾರಿ ತಪ್ಪಿದರೆ ಅದರಲ್ಲಿ ಯಾವ ಭಾಗ್ಯವೂ ಇಲ್ಲ. ತಮ್ಮ ಮೊಬೈಲಿನಲ್ಲಿ ಡೇಟಾ ಇಟ್ಟುಕೊಂಡೇ ಪರರಿಗೆ ಮೌನ ಬೋಧಿಸುವ ಈ ಬರಹಗಳನ್ನು ಪತ್ರಿಕೆಗಳು ಅಚ್ಚು ಹಾಕುವುದನ್ನು ನಿಲ್ಲಿಸಬೇಕು.

ಇ-ಸಿಮ್ ಬಂತಲ್ಲ, ಸಮಸ್ಯೆ ಮುಗಿಯಿತು ಎನ್ನುವವರಿಗೆ ಚಿಕ್ಕ ಉತ್ತರ ಸಾಕು. ಪ್ರವಾಸಿಗರು ಹೆಚ್ಚು ಬಳಸುವ ಇ-ಸಿಮ್ ಆ್ಯಪ್‌ಗಳಾದ ಏರಾಲೊ, ಹೋಲಾಫ್ಲೈ ಎರಡನ್ನೂ 2024ರ ಜನವರಿಯಲ್ಲಿ ನಮ್ಮ ಸರ್ಕಾರ ಇಲ್ಲಿ ನಿರ್ಬಂಧಿಸಿತು. ಹೊರಡುವ ಮೊದಲೇ ಕೊಂಡವರಷ್ಟೇ ಜಾಣರು. ಕೊಂಡರೂ ಸಿಗುವುದು ಬರೀ ಡೇಟಾ, ಭಾರತದ ನಂಬರಲ್ಲ. ನಂಬರಿಲ್ಲದೆ ಒಟಿಪಿಯಿಲ್ಲ, ಒಟಿಪಿಯಿಲ್ಲದೆ ನಮ್ಮ ಎಷ್ಟೋ ಆ್ಯಪ್‌ಗಳ ಬಾಗಿಲು ತೆರೆಯುವುದಿಲ್ಲ.

2023ರ ಜುಲೈಯಲ್ಲಿ ಜಿ-20ರ ಸಂಸ್ಕೃತಿ ಕಾರ್ಯಗುಂಪು, ಅದರ ಬೆನ್ನಿಗೇ ಶೆರ್ಪಾ ಸಭೆ ಹಂಪಿಯಲ್ಲಿ ನಡೆದವು. ನಮ್ಮ ಡಿಜಿಟಲ್ ಸಾರ್ವಜನಿಕ ವ್ಯವಸ್ಥೆಯನ್ನು ಜಗತ್ತಿಗೆ ಮಾದರಿಯಾಗಿ ತೋರಿಸಿದ ವರ್ಷವದು. ಅದೇ ಹಂಪಿಯ ವಿಠ್ಠಲ ದೇಗುಲದ ಬಾಗಿಲಲ್ಲಿ ನಾವು 40 ರೂಪಾಯಿ ಕೊಟ್ಟರೆ ವಿದೇಶಿಯರು 600 ಕೊಡುತ್ತಾರೆ. ಹೆಚ್ಚು ಕೇಳುವುದರಲ್ಲಿ ನನಗೆ ತಕರಾರಿಲ್ಲ. ಆ ಟಿಕೆಟ್ ಕೊಂಡವರಿಗೆ ಕಮಲಾಪುರದಲ್ಲೋ ಹೊಸಪೇಟೆ ಬಸ್ ನಿಲ್ದಾಣದಲ್ಲೋ ಒಂದು ಕೌಂಟರ್ ಬೇಕು: ಪಾಸ್‌ಪೋರ್ಟ್ ಮತ್ತು ತಂಗಿದ ಕಡೆ ತುಂಬಿದ ಫಾರಂನ ಸ್ವೀಕೃತಿ ತೋರಿಸಿದರೆ, ಬೇರೆ ಯಾರ ಒಟಿಪಿಯೂ ಇಲ್ಲದೆ, ಊರವರು ಕೊಡುವ ದರಕ್ಕೇ ಸಿಮ್ ಕೊಡುವ ಕೌಂಟರ್. ಇದಕ್ಕೆ ಹೊಸ ಟವರ್ ಬೇಡ, ಹೊಸ ಕಾನೂನೂ ಬೇಡ. ದೂರಸಂಪರ್ಕ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಆಯಿತು.