ಹೊಣೆ ಯಾರದು ಎಂಬ ಪ್ರಶ್ನೆಯ ಜಾತಿ

ಸರ್ಕಾರಿ ಶಾಲೆ ಹಾಳಾಗಿದೆ, ಇದಕ್ಕೆ ಯಾರು ಹೊಣೆ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ವಿಚಾರ ಸಂಕಿರಣದಿಂದ ಹಿಡಿದು ಟೀ ಅಂಗಡಿ ಬೆಂಚಿನವರೆಗೆ ಈ ಪ್ರಶ್ನೆ ಏಳುತ್ತದೆ. ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಇಲಾಖೆ ಮೇಷ್ಟ್ರನ್ನು ದೂರುತ್ತದೆ, ಮೇಷ್ಟ್ರು ಅಪ್ಪ ಅಮ್ಮನನ್ನು ದೂರುತ್ತಾರೆ, ಅಪ್ಪ ಅಮ್ಮ ಬೇರೆ ದಾರಿ ಕಾಣದೆ ಮಗುವಿನ ಬೆನ್ನಿಗೆ ಗುದ್ದುತ್ತಾರೆ. ಈ ಹೊಣೆ ಅನ್ನೋದು ಯಾವಾಗಲೂ ಇಳಿಜಾರಿಗೇ ಯಾಕೆ ಹರಿಯುತ್ತದೆ? ದಲಿತ ವಿಮರ್ಶೆ ಕೇಳಬೇಕಾದ ಪ್ರಶ್ನೆ ಇದು. ವಿಮರ್ಶೆ ಅಂದರೆ ಕತೆ ಕವಿತೆಗಳ ಗುಣದೋಷ ಹೇಳುವುದಷ್ಟೇ ಅಲ್ಲ. ಸಮಾಜ ದಿನನಿತ್ಯ ಆಡುವ ಮಾತಿನೊಳಗೆ ಅವಿತು ಕೂತ ಯಜಮಾನಿಕೆಯನ್ನು ಬಯಲಿಗೆಳೆಯುವುದೂ ವಿಮರ್ಶೆಯೇ.

ನಾನು ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಯವನು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮ ಸೀಮೆಯಲ್ಲಿ ಅತಿ ಹೆಚ್ಚು ಕೇಳುವ ಮಾತು 'ಪೋಷಕರಿಗೆ ಕಾಳಜಿ ಇಲ್ಲ' ಅನ್ನೋದು. ಯಾರು ಈ ಪೋಷಕರು? 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಅಲ್ಲಿನ ಸಾವಿರಾರು ಜನರ ಬದುಕು ಬೆಂಗಳೂರಿಗೆ ಹೋಗಿ ಬರುವ ರೈಲಿನ ಮೇಲೆ ನಿಂತಿದೆ. ನಮ್ಮ ಹಳ್ಳಿಗಳ ಕೂಲಿಯವರದ್ದೂ ಅದೇ ಪಾಡು. ಬೆಳಕು ಹರಿಯುವ ಮುಂಚೆ ಮನೆ ಬಿಟ್ಟರೆ ಮಕ್ಕಳು ಮಲಗುವ ಹೊತ್ತಿಗೆ ವಾಪಸ್ಸು. ಪೋಷಕರ ಸಭೆ ಇಡುವುದು ಬೆಳಿಗ್ಗೆ ಹನ್ನೊಂದಕ್ಕೆ. ಒಬ್ಬ ತಾಯಿ ನನಗೆ ಹೇಳಿದ್ದು ಇಷ್ಟೇ: "ಸಭೆಗೆ ಬಂದ್ರೆ ಅವತ್ತಿನ ಕೂಲಿ ಹೋಯ್ತದೆ ಸಾರ್. ಬರದೆ ಇದ್ರೆ ಕಾಳಜಿ ಇಲ್ಲ ಅಂತಾರೆ. ಎಂಗೆ ಮಾಡೋದು ನೀವೇ ಹೇಳಿ." ಆಕೆಯ ಮಾತಿಗೆ ಉತ್ತರ ಕೊಡಬೇಕಾದವರು ಸಭೆಯ ಹೊತ್ತು ಗೊತ್ತು ಮಾಡಿದವರು.

ಈ ಪ್ರಶ್ನೆಯನ್ನು ಮೇಲ್ಮುಖವಾಗಿ ತಿರುಗಿಸಿದವರು ಜೋತಿಬಾ ಫುಲೆ. 1882ರಲ್ಲಿ ಹಂಟರ್ ಆಯೋಗದ ಮುಂದೆ ಅವರು ಎತ್ತಿದ ತಕರಾರು ಸರಳವಾದದ್ದು: ಬೊಕ್ಕಸ ತುಂಬುವುದು ದುಡಿಯುವವರ ಬೆವರಿನಿಂದ, ಖರ್ಚಾಗುವುದು ಮೇಲಿನವರ ಓದಿಗೆ. ಈ ಮಾತನ್ನು ಕೋಲಾರಕ್ಕೆ ತಂದು ನೋಡಿ. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂಡೆ ಒಡೆದವರಲ್ಲಿ ಬಹುಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತರು. ಚಿನ್ನ ಲಂಡನ್ನಿಗೆ ಹೋಯಿತು, ರಾಜಧನ ಮೈಸೂರಿಗೆ ಹೋಯಿತು. 1902ರಲ್ಲಿ ಶಿವನಸಮುದ್ರದಿಂದ ಇಷ್ಟು ದೂರ ಕಂಬ ನೆಟ್ಟು ಕರೆಂಟು ತಂದದ್ದು ಗಣಿಗಾಗಿ. ಯಂತ್ರಕ್ಕೆ ಬೇಕೆಂದಾಗ ಕಂಡ ದಾರಿ, ದುಡಿದವನ ಮೊಮ್ಮಗನ ಶಾಲೆಗೆ ಬೇಕೆಂದಾಗ ಯಾಕೆ ಕಾಣುವುದಿಲ್ಲ?

ಇನ್ನು ಊರಿನ ಮಾತು. ಸರ್ಕಾರಿ ಶಾಲೆ 'ತಾನಾಗಿಯೇ' ಖಾಲಿಯಾಯಿತು ಅಂತ ಹೇಳುವವರಿದ್ದಾರೆ. ನಮ್ಮ ಜಿಲ್ಲೆಯದೇ ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿಯಲ್ಲಿ 2014ರಲ್ಲಿ ದಲಿತ ಹೆಂಗಸೊಬ್ಬರು ಬಿಸಿಯೂಟದ ಅಡುಗೆಗೆ ಬಂದರು. ಮಕ್ಕಳು ಊಟ ಬಿಟ್ಟರು, ಆಮೇಲೆ ಶಾಲೆಯನ್ನೇ ಬಿಟ್ಟರು. ಮರು ವರ್ಷ ಸುದ್ದಿ ದೇಶಕ್ಕೆಲ್ಲ ಹಬ್ಬುವ ಹೊತ್ತಿಗೆ ಶಾಲೆ ಬಹುಪಾಲು ಬರಿದಾಗಿತ್ತು. ಅನ್ನದ ತಟ್ಟೆ ಹಿಂದಕ್ಕೆ ತಳ್ಳುವುದನ್ನು ಆ ಮಕ್ಕಳಿಗೆ ಹೇಳಿಕೊಟ್ಟವರು ಯಾರು? ಕಟ್ಟಡ ಬಿದ್ದಿರಲಿಲ್ಲ, ಪುಸ್ತಕ ಬಾರದೆ ಇರಲಿಲ್ಲ. ಶಾಲೆಯನ್ನು ಮುಗಿಸಿದ್ದು ಜಾತಿ. ಆದರೆ ಇಲಾಖೆಯ ಕಡತದಲ್ಲಿ ಇಂಥದ್ದಕ್ಕೆ 'ದಾಖಲಾತಿ ಕುಸಿತ' ಎಂಬ ಮಡಿ ಹೆಸರು.

ಸಾರಾಯಿ ಅಂಗಡಿ ಬೇಡ, ವಸತಿ ಶಾಲೆ ಕೊಡಿ ಎಂದು ದಲಿತ ಸಂಘರ್ಷ ಸಮಿತಿ ಬೀದಿಗಿಳಿದದ್ದು ಎಂಬತ್ತರ ದಶಕದಲ್ಲಿ. ಲಾಠಿ ತಿಂದು ಕೇಳಿದ ಬೇಡಿಕೆ ಅದು. ವಸತಿ ಶಾಲೆಗಳು ಬಂದವು. ನನ್ನ ಎಷ್ಟೋ ವಿದ್ಯಾರ್ಥಿಗಳು ಅಲ್ಲಿ ಉಂಡು ಓದಿ ಬಂದವರೇ. ಆದರೆ 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಒಂದು ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ವಿಡಿಯೊ ಹೊರಬಿತ್ತು. ಅಮಾನತಾಯಿತು, ಬಂಧನವೂ ಆಯಿತು. ಯಾವ ಕಸುಬಿನಿಂದ ಬಿಡಿಸಲೆಂದು ತಾಯಿ ಮಗನನ್ನು ಶಾಲೆಗೆ ಬಿಟ್ಟಳೋ ಆ ಕಸುಬನ್ನೇ ಶಾಲೆ ಮಾಡಿಸಿತು. ನಾಲ್ಕು ಜನರ ಅಮಾನತಿನಲ್ಲಿ ಮುಗಿಯುವ ಹೊಣೆಯಲ್ಲ ಇದು. ಗುಂಡಿ ತುಂಬಿದಾಗ ಯಾರನ್ನು ಕರೆಯಬೇಕೆಂದು ಯೋಚನೆಯೇ ಮಾಡದೆ ಹೊಳೆಯುತ್ತದಲ್ಲ, ಆ ಹೊಳೆಯುವಿಕೆಯನ್ನು ವಿಚಾರಣೆಗೆ ಒಳಪಡಿಸಬೇಕು.

ಹಾಗಂತ ಮೇಷ್ಟ್ರನ್ನು ಮಾತ್ರ ಕಟಕಟೆಗೆ ಹತ್ತಿಸುವ ಪೈಕಿ ನಾನಲ್ಲ. ಖಾಲಿ ಹುದ್ದೆಗೆ ಪ್ರತಿ ವರ್ಷ ಅತಿಥಿ ಶಿಕ್ಷಕರನ್ನು ತುಂಬುತ್ತಾರೆ, ಅತಿಥಿಗೆ ಮನೆಯ ಹಕ್ಕಿಲ್ಲ. 2025ರ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟ್ರುಗಳನ್ನು ಮನೆಮನೆಗೆ ಕಳಿಸಿ, ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಚಾಚಿದರು. ಆ ಸಮೀಕ್ಷೆ ನಮಗೆ ಬೇಕಿತ್ತು, ನಿಜ. ಆದರೆ ನಮ್ಮ ಲೆಕ್ಕ ಬರೆಯುವುದಕ್ಕೂ ನಮ್ಮ ಮಕ್ಕಳ ಪಾಠವನ್ನೇ ಬಲಿ ಕೊಡಬೇಕೆ?

ಕಾನೂನಿನ ಕತೆಯೂ ಇದೇ. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಶಿಕ್ಷಣ ಎಂದು ಸಂವಿಧಾನದ 45ನೇ ವಿಧಿ ಹೇಳಿತ್ತು. ಅದು ಹಕ್ಕಾಗಿ ಜಾರಿಗೆ ಬರಲು 2010 ಆಗಬೇಕಾಯಿತು. ಆ ಕಾಯ್ದೆ ಖಾಸಗಿ ಶಾಲೆಯಲ್ಲಿ ಬಡವರ ಮಕ್ಕಳಿಗೆ ಶೇಕಡ 25 ಸೀಟು ಇಟ್ಟಿತು. 2019ರಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಆ ಸೀಟು ಕೊಡಬೇಕಿಲ್ಲ ಎಂದಿತು. ಕೇರಿಯ ಹುಡುಗ ತೆರೆದ ಬಾಗಿಲಿನೊಳಗೆ ಕಾಲಿಡುವಷ್ಟರಲ್ಲಿ ಅಗುಳಿ ಬಿತ್ತು.

ಇಷ್ಟೆಲ್ಲ ಇರುವಾಗ ಕನ್ನಡ ವಿಮರ್ಶೆ ಏನು ಮಾಡಿತು? ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು. ಸರ್ಕಾರದ ಸವಲತ್ತು ಪಡೆದು ಓದುವ ದಲಿತನನ್ನು ಹಂಗಿಸುವ ಮಾತನ್ನೇ ಅವರು ಪುಸ್ತಕದ ಹೆಸರಾಗಿಸಿದರು. ಸಿದ್ಧಲಿಂಗಯ್ಯನವರ 'ಊರುಕೇರಿ' ಹಾಸ್ಟೆಲಿನ ಹಸಿವನ್ನು ನಗುನಗುತ್ತಾ ಹೇಳಿತು. ಮುಖ್ಯಧಾರೆಯ ವಿಮರ್ಶೆ ಇವನ್ನು ಮೆಚ್ಚಿಕೊಂಡಿತು, ಸಂಶಯವಿಲ್ಲ. ಆದರೆ ಬಹುಮಟ್ಟಿಗೆ ನೋವಿನ ಕಥನಗಳೆಂದು ಮೆಚ್ಚಿಕೊಂಡಿತು. ನಾನು ಇವನ್ನು ಶಾಲೆಯ ಮೇಲಿನ ದೋಷಾರೋಪ ಪಟ್ಟಿಗಳೆಂದು ಓದುತ್ತೇನೆ. ಕಣ್ಣೀರು ಒರೆಸಿಕೊಂಡು ಪುಸ್ತಕ ಮಡಿಚುವ ಓದುಗ ಹೊಣೆಯಿಂದಲೂ ಜಾರಿಕೊಳ್ಳುತ್ತಾನೆ.

ಮಾಧ್ಯಮದ ಜಗಳದಲ್ಲೂ ಅಷ್ಟೇ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುಮಾಡಲು ಹೊರಟಾಗ ಧಾರವಾಡದ ಸಾಹಿತ್ಯ ಸಮ್ಮೇಳನದಲ್ಲಿ ವಿರೋಧ ಎದ್ದಿತು. ಕನ್ನಡದ ಮೇಲಿನ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ, ನನ್ನ ಅನ್ನವೂ ಅದೇ. ಆದರೆ ಆಂಧ್ರ, ತಮಿಳುನಾಡುಗಳ ಗಡಿಗೆ ಹತ್ತಿದ ನಮ್ಮ ಕೇರಿಗಳ ಎಷ್ಟೋ ಮಕ್ಕಳ ಮನೆಮಾತು ತೆಲುಗು, ತಮಿಳು. ಅವರಿಗೆ 'ಮಾತೃಭಾಷೆ'ಯ ಉಪದೇಶ ಮಾಡುವವರು ತಮ್ಮ ಮಕ್ಕಳನ್ನು ಎಲ್ಲಿ ಓದಿಸಿದರು? ಕನ್ನಡವನ್ನು, ಸರ್ಕಾರಿ ಶಾಲೆಯನ್ನು ಉಳಿಸುವ ಭಾರ ಬರೀ ದಲಿತರ ಮಕ್ಕಳ ಪಾಟಿಚೀಲಕ್ಕೆ ಯಾಕೆ?

ಸರ್ಕಾರದ ಸಂಬಳ ತಿನ್ನುವವರು, ಜನಪ್ರತಿನಿಧಿಗಳು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಸೇರಿಸಬೇಕೆಂದು ಅಲಹಾಬಾದ್ ಹೈಕೋರ್ಟು 2015ರ ಆಗಸ್ಟ್‌ನಲ್ಲಿ ಹೇಳಿತು. ಆ ಮಾತು ಜಾರಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದರಲ್ಲೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಶಾಲೆಯನ್ನು ಸರಿಮಾಡುವ ಶಕ್ತಿ ಇದ್ದವರೆಲ್ಲ ತಮ್ಮ ಮಕ್ಕಳ ಕೈ ಹಿಡಿದುಕೊಂಡು ಎದ್ದುಹೋದರು. ಉಳಿದವರ ಮೇಲೆ ಹೊಣೆ ಹೊರಿಸಿದರು. ಗೆಳೆಯರೇ, ಮುಂದಿನ ಸಂಕಿರಣದಲ್ಲಿ ಯಾರಾದರೂ 'ಹೊಣೆ ಯಾರು' ಅಂದರೆ ಮೊದಲು ಕೇಳಿ: ಸ್ವಾಮಿ, ನಿಮ್ಮ ಮಕ್ಕಳು ಓದುತ್ತಿರುವುದು ಎಲ್ಲಿ?